ತಿಕ್ಕಿದ ರೂಪಾಯಿ

"ಬೂದಿ ಹಚ್ಚಿ ತಿಕ್ಕಬ್ಯಾಡ ಶೇಖಮ್ಮ, ಹಂಗ ಇರ್ಲಿ" ಎನ್ನುತ್ತ ರೇಣಮ್ಮ ಎದ್ದು ಬಂದು ನೆರೆಮನೆಯವಳ ಕೈಯಿಂದ ಬೆಳ್ಳಿ ರೂಪಾಯಿ ಕಸಿದುಕೊಂಡಳು.

ತೀರಿಹೋದ ಗಂಡ ಪರಮಣ್ಣನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ಹಚ್ಚಲೆಂದು ಅವನ ಒಳಗಿಸೆಯಲ್ಲೇ ಸಿಕ್ಕ ರೂಪಾಯಿ ಅದು, ನಿಜಾಮರ ಕಾಲದ 'ಹಾಲಿ' ನಾಣ್ಯ.

"ಕರ್ರಗ ಆಗ್ಯಾದಲ್ಲ ಯವ್ವಾ. ಹೋಗೋ ಮನಷ್ಯಾಗ ಇಂಥಾದು ಹಚ್ತಾರೇನು?" ಎಂದಳು ಶೇಖಮ್ಮ. ಕೈಯಲ್ಲಿ ಹುಣಸೆಹಣ್ಣು ಸಿದ್ಧವಾಗಿತ್ತು. ಸಾವಿನ ಮನೆಯಲ್ಲೂ ಮಸಿ ಪಾತ್ರೆ ಕಂಡರೆ ಬೆಳಗದೆ ಬಿಡುವವಳಲ್ಲ ಅವಳು.

"ಅವ್ರಿಗಿ ತಿಕ್ಕಿದ್ದು ಸೇರೂದಿಲ್ಲ."

ರೇಣಮ್ಮ ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಪರಮಣ್ಣ ಸುರಪುರದಲ್ಲಿ ಸರಾಫನ ಅಂಗಡಿಯಲ್ಲಿ ಹಳೆಯ ರೂಪಾಯಿ ನೋಡಿ ದರ್ಜೆ ಹೇಳುವವನು. ನಿಜಾಮರ ರಾಜ್ಯ ಹೋದ ವರ್ಷ, ಗಲಾಟೆಗೆ ಹೆದರಿ ಹೂತಿಟ್ಟ ಗಡಿಗೆಗಳನ್ನೆಲ್ಲ ಜನ ಅಗೆದು ತಂದರು. ವಿಂಗಡಿಸಲೆಂದು ಅವನು ಒಂದು ಚೀಲ ಮನೆಗೆ ತಂದಿದ್ದ. ಹೊಸ ಹೆಂಡತಿ ರೇಣಮ್ಮ, ಗಂಡ ಹಿಗ್ಗಲಿ ಎಂದು ಅಷ್ಟನ್ನೂ ಇಟ್ಟಿಗೆ ಪುಡಿ ಹಾಕಿ ಫಳಫಳ ಬೆಳಗಿಟ್ಟಳು.

ಅವನು ಬಯ್ಯಲಿಲ್ಲ. ಒಂದನ್ನು ಬಾಗಿಲ ಬೆಳಕಿಗೆ ವಾರೆಯಾಗಿ ಹಿಡಿದ.

"ಕೈಯಿಂದ ಕೈಗಿ ತಿರುಗಿದ್ದು ಮ್ಯಾಲಷ್ಟೇ ಹೊಳಿತದ, ಅಕ್ಷರದ ಸಂದಿನ್ಯಾಗ ಕಪ್ಪು ಉಳಿತದ. ಇದು ಎಲ್ಲಾ ಕಡಿ ಒಂದೇ ಹೊಳಪು. ಗೀರು ನೋಡು, ಕೂದಲೆಳಿ ಹಂಗ. ಇನ್ನ ಬೆಳ್ಳಿ ತೂಕಕ್ಕಷ್ಟೇ ಬೆಲಿ. ಇನ್ಮ್ಯಾಲ ಮುಟ್ಟಬ್ಯಾಡ."

ಆಮೇಲೆ ಅವನು ಮನೆಗೆ ರೂಪಾಯಿ ತರಲಿಲ್ಲ. ಮಾತೂ ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದ. ಮಕ್ಕಳಿಲ್ಲದ ಮನೆ, ಉಂಡೆಯಾ, ಮಲಗಲಾ ಎನ್ನುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಅವನ ಸಿಟ್ಟು ಇಳಿಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ಅವಳಿಗೆ ಕೊನೆಗೂ ಬರಲಿಲ್ಲ.

*

ಈಗ ಅವಳೂ ರೂಪಾಯಿಯನ್ನು ಬಾಗಿಲ ಬೆಳಕಿಗೆ ವಾರೆಯಾಗಿ ಹಿಡಿದಳು. ಕಪ್ಪಿನ ಅಡಿಯಲ್ಲಿ ಸುತ್ತುಸುತ್ತು ಗೀರುಗಳು. ಪಾತ್ರೆ ತಿಕ್ಕುವಾಗ ತನ್ನ ಕೈ ಹೋಗುವ ಸುತ್ತು ಯಾರಿಗೆ ಗುರುತು ಸಿಗುವುದಿಲ್ಲ? ತಿರುಗಿಸಿದಳು. ಆ ಮಗ್ಗುಲಲ್ಲಿ ಗೀರೂ ಇಲ್ಲ, ಅಚ್ಚೊತ್ತಿದ್ದ ಚಾರ್ಮಿನಾರೂ ಇಲ್ಲ. ಹೆಬ್ಬೆರಳಿನಗಲ ನುಣ್ಣಗೆ ಸವೆದಿತ್ತು.

ಅಂಗಡಿಯಲ್ಲಿ ಪರಮಣ್ಣನ ಪಕ್ಕ ಕೂತು ಕೆಲಸ ಮಾಡಿದ ಜಮಾಲಸಾಬ ಅಂಗಳದಿಂದ ನೋಡುತ್ತಿದ್ದ.

"ತಿಕ್ಕಿದ್ದೇ ಅದು, ಭಾಬಿ" ಎಂದ. "ಉಳಿದವೆಲ್ಲಾ ಕರಗಸಾಕ ಹೋದ್ವು. ಇದೊಂದು ಪಗಾರದಾಗ ಮುರಕೊಂಡು ಇಟಗೊಂಡ. ಗಿರಾಕಿ ಇಲ್ದಾಗ ಹೆಬ್ಬಟ್ಟಿಲೆ ಸವರಕೋತ ಕುಂತಿರ್ತಿದ್ದ. ಯಾಕೋ ಅಂದ್ರ, ನಮ್ಮ ಮನಿಯಾಕಿ ಬೆಳಗಿದ್ದು ಅಂತಿದ್ದ."

ರೇಣಮ್ಮ ಗಂಡನ ಮುಖ ನೋಡಿದಳು.

"ಮನಿಯಾಗ ಒಂದು ಸಲ ಅಂದಿದ್ರ ಆಗ್ತಿತ್ತಲ್ರಿ" ಎಂದಳು.

ತಾನೇ ವಿಭೂತಿ ಕಲಸಿ, ಗೀರಿದ್ದ ಮಗ್ಗುಲು ಮೇಲೆ ಬರುವಂತೆ ರೂಪಾಯಿಯನ್ನು ಅವನ ಹಣೆಗೆ ಒತ್ತಿದಳು.

ಹೆಣ ಓಣಿ ದಾಟಿತು. ಶೇಖಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಳು. ರೇಣಮ್ಮ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಹೆಬ್ಬೆರಳು ಬರಿಯ ತೋರುಬೆರಳನ್ನು ಮೆಲ್ಲಗೆ ಸವರುತ್ತಲೇ ಇತ್ತು.