ಅಳೆಯದ ತಿಂಗಳುಗಳು

ಅಂಗಡಿಯಿಂದ ತಂದ ಯಾವ ವಸ್ತುವನ್ನೂ ಒಂದು ಸಲವಾದರೂ ಬಿಚ್ಚಿ ಮತ್ತೆ ಜೋಡಿಸದೆ ಬಳಸಿದವರಲ್ಲ ನಮ್ಮ ಸನೋಬರ್ ಮೇಡಂ. ಚಿತ್ರದುರ್ಗದ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರದ ಅಧ್ಯಾಪಕಿ, ನಾನು ಕನ್ನಡದವನು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಅವರ ಬಿಳಿಯ ಕೋಟು ಅವರೇ ಹೊಲಿದುಕೊಂಡದ್ದು, ಅದಕ್ಕೆ ಬೇರಾವ ಕೋಟಿನಲ್ಲೂ ಕಾಣದಷ್ಟು ಜೇಬುಗಳು. ನಡೆಯುವಾಗ ಆ ಜೇಬುಗಳಲ್ಲಿನ ಗಾಜಿನ ಶೀಶೆಗಳು ಕಿಣಿಕಿಣಿ ಎನ್ನುವುದರಿಂದ, ಕಾರಿಡಾರಿನ ತಿರುವಿನಲ್ಲಿ ಅವರು ಕಾಣಿಸಿಕೊಳ್ಳುವ ಮೊದಲೇ ಹುಡುಗರ ಗದ್ದಲ ಅಡಗುತ್ತಿತ್ತು. ಎದುರುಗಾಳಿಗೆ ನಡೆಯುವವರಂತೆ ತುಸು ಮುಂದಕ್ಕೆ ಬಾಗಿ ನಡೆಯುವ ಅವರು ಯಾರ ಮಾತಿಗೂ ಹೂಂ ಎಂದದ್ದನ್ನಾಗಲೀ ಊಹೂಂ ಎಂದದ್ದನ್ನಾಗಲೀ ನಾನು ಕೇಳಿಲ್ಲ. "ನೋಡಾಣ" ಎನ್ನುವರು. ಪ್ರಿನ್ಸಿಪಾಲರು ರಜೆ ಘೋಷಿಸಿದರೂ ನೋಡಾಣ, ಎದುರಿಗಿಟ್ಟ ಚಹಾ ಬಿಸಿಯಾಗಿದೆ ಎಂದರೂ ನೋಡಾಣ.

ಒಮ್ಮೆ ಪ್ರಯೋಗಾಲಯಕ್ಕೆ ಹೊಸ ತಕ್ಕಡಿ ಬಂದಾಗ, ಅದನ್ನು ಹಳೆಯದರ ಪಕ್ಕದಲ್ಲಿಟ್ಟು ದಿನಗಟ್ಟಲೆ ತೂಗಿ ನೋಡಿ, ಹೊಸದೇ ತಪ್ಪು ಎಂದು ವಾಪಸ್ಸು ಕಳಿಸಿದ್ದರು. ಅದು ನಿಜಕ್ಕೂ ತಪ್ಪಾಗಿತ್ತು. ಆಮೇಲೆ ಅವರ ಲೆಕ್ಕವನ್ನು ಮರುಪರಿಶೀಲಿಸುವ ಧೈರ್ಯ ಯಾರಿಗೂ ಬರಲಿಲ್ಲ, ಅಗತ್ಯವೂ ಕಾಣಲಿಲ್ಲ.

ಅವರ ಜೀವವೆಲ್ಲ ಇದ್ದದ್ದು ನೀರಿನಲ್ಲಿ. ಹಲ್ಲಿಗೆ ಕಂದು ಕಲೆ ಕಟ್ಟಿಸಿ, ಹೆಚ್ಚಾದರೆ ಮೂಳೆಯನ್ನೇ ಬಿಗಿಸುವ ಫ್ಲೋರೈಡು ಯಾವ ಕೊಳವೆಬಾವಿಯಲ್ಲಿ ಎಷ್ಟಿದೆಯೆಂದು ವರ್ಷಗಳಿಂದ ಊರೂರು ತಿರುಗಿ ಅಳೆಯುತ್ತಿದ್ದರು. ಮಳೆ ಬಿದ್ದಾಗಿನ ನೀರು ಒಂದು, ಬತ್ತಿದಾಗಿನ ನೀರು ಇನ್ನೊಂದು, ಆದ್ದರಿಂದ ವರ್ಷದ ಸರಾಸರಿಯನ್ನೇ ನಂಬಬೇಕೆಂಬುದು ಅವರ ಹಟ. ಆ ಸರಾಸರಿ ತೆಗೆಯುವ ಪ್ರೋಗ್ರಾಮನ್ನೂ ತಾವೇ ಬರೆದುಕೊಂಡಿದ್ದರು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ (ಊರಿನ ಹೆಸರು ಇಲ್ಲಿ ಬೇಡ) ಹೋದ ವರ್ಷ ಕೊಳವೆಬಾವಿಗೆ ಕುಡಿಯುವ ನಲ್ಲಿ ಕೂಡಿಸಿದ್ದು, ಸರಾಸರಿ ಮಿತಿಯೊಳಗಿದೆ ಎಂಬ ಅವರ ಮಾತಿನ ಮೇಲೆಯೇ. ಅಲ್ಲಿಯವರೆಗೆ ದೂರದ ಶುದ್ಧ ನೀರಿನ ಘಟಕದಿಂದ ಕೊಡ ಹೊರುತ್ತಿದ್ದ ಬಿಸಿಯೂಟದ ಹನುಮಮ್ಮ, ಅಂದು ಎಲ್ಲರೆದುರು ತಮ್ಮ ಕೈ ಹಿಡಿದುಕೊಂಡು ಬಿಡಲೇ ಇಲ್ಲವೆಂದು ಮೇಡಂ ನನ್ನೊಡನೆ ಸಂಕೋಚದಿಂದ ಹೇಳಿದ್ದರು.

ಈ ವರ್ಷ ಅವರಿಗೆ ಜಿಲ್ಲೆಯ ನೀರಿನ ನಕ್ಷೆ ಬಿಡಿಸುವ ಆಸೆಯಾಯಿತು. ಅದಕ್ಕೆ ಬೇಕಾದ, ವಿಜ್ಞಾನದ ಲೆಕ್ಕಗಳಿಗೆ ಲೋಕವೆಲ್ಲ ಬಳಸುವ ನಂಪೈ ಎಂಬ ಸಿದ್ಧ ಪ್ರೋಗ್ರಾಮುಗಳ ಲೈಬ್ರರಿಯನ್ನು ಕಂಪ್ಯೂಟರ್ ವಿಭಾಗದ ಸುಚಿತ್ರಾ ಇನ್‌ಸ್ಟಾಲ್ ಮಾಡಿಕೊಟ್ಟರು. ಎಲ್ಲ ಸರಿಯಾಯಿತೆಂದು ಕಂಪ್ಯೂಟರೇ ಹೇಳಿತು. ಪ್ರೋಗ್ರಾಂ ಓಡಿಸಿದರೆ ಮಾತ್ರ ತೆರೆಯ ತುಂಬ ಕೆಂಪು ಅಕ್ಷರ: ಇಂಪೋರ್ಟ್ ಎರರ್. ಲೈಬ್ರರಿಯೊಳಗೆ ಇರಲೇಬೇಕಾದ್ದು ಅದರಲ್ಲಿಲ್ಲ ಎಂಬ ದೂರು. ತೆಗೆದು ಮತ್ತೆ ಹಾಕಿದರು, ಬೇರೆ ಆವೃತ್ತಿ ಹಾಕಿದರು, ಪ್ರೋಗ್ರಾಂ ಬರೆದಿದ್ದ ಪೈಥಾನ್ ಭಾಷೆಯನ್ನೇ ಹೊಸದಾಗಿ ಹಾಕಿದರು, ಅದೇ ದೂರು. ಸಿದ್ಧವಸ್ತುಗಳ ಹಣೆಬರಹವೇ ಇಷ್ಟು ಎಂಬಂತೆ ಮೇಡಂ ಕೋಟಿನ ಜೇಬಿಗೆ ಕೈಯಿಟ್ಟು ನಿಂತಿದ್ದರು.

ಕೊನೆಗೆ ಸುಚಿತ್ರಾ ಆ ಕೆಂಪು ಸಾಲುಗಳನ್ನು ಬಿಡದೆ ಓದಿದರು. ಕಂಪ್ಯೂಟರು ಲೈಬ್ರರಿಯನ್ನು ಎಲ್ಲಿಂದ ಎತ್ತಿಕೊಂಡಿತೆಂಬ ವಿಳಾಸ ಅಲ್ಲೇ ಇತ್ತು, ಮತ್ತು ಅದು ಮೇಡಂ ಅವರ ಸ್ವಂತ ಫೋಲ್ಡರಿನದಾಗಿತ್ತು.

"ಮೇಡಂ, ನಂಪೈ ಅನ್ನೋ ಹೆಸರಿನ ಫೈಲೊಂದು ಇಲ್ಲೇ ಐತಲ್ಲ, ಯಾರ್ದು ಇದು?"

ಮೇಡಂ ಬಗ್ಗಿ ನೋಡಿದರು. "ನಂದೇ."

ಹಿಂದೆ ಪ್ರಯೋಗಾಲಯದ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲದಿದ್ದಾಗ, ಆ ದೊಡ್ಡ ಲೈಬ್ರರಿಗೆ ಕಾಯುವುದೇಕೆಂದು, ಸರಾಸರಿಯೂ ಸೇರಿ ತಮಗೆ ಬೇಕಾದ ನಾಲ್ಕು ಲೆಕ್ಕಗಳನ್ನಷ್ಟೇ ಅದೇ ಹೆಸರಿನ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಅದನ್ನು ಮರೆತೇಬಿಟ್ಟಿದ್ದರು. ಕಂಪ್ಯೂಟರು ಯಾವುದನ್ನು ಹುಡುಕುವಾಗಲೂ ಮೊದಲು ಕೆಲಸ ನಡೆಯುತ್ತಿರುವ ಫೋಲ್ಡರಿನಲ್ಲೇ ನೋಡುತ್ತದಂತೆ. ಪುಟ್ಟದು ಬಾಗಿಲಲ್ಲೇ ಸಿಕ್ಕಿದ್ದರಿಂದ ದೊಡ್ಡದರವರೆಗೆ ಅದು ಹೋಗಿರಲೇ ಇಲ್ಲ. ಸುಚಿತ್ರಾ ಆ ಫೈಲಿನ ಹೆಸರು ಬದಲಿಸಿದರು. ಕೆಂಪು ಅಕ್ಷರಗಳು ಮಾಯವಾದವು. ನಾವು ನಕ್ಕೆವು. ನಾನು ಚಹಾ ಹೇಳಲು ಎದ್ದೆ.

ಮೇಡಂ ಹಳೆಯ ಸರಾಸರಿಗಳನ್ನು ಹೊಸ ಲೈಬ್ರರಿಯಿಂದ ಮತ್ತೊಮ್ಮೆ ತೆಗೆಸಿದರು, ತಕ್ಕಡಿಯನ್ನು ಪರೀಕ್ಷಿಸಿದ ಹಾಗೆಯೇ, ಹೊಸದು ಎಲ್ಲಿ ತಪ್ಪುತ್ತದೆಂದು ನೋಡಲು. ಕೆಲವು ಅಂಕಿಗಳು ಹೊಂದಲಿಲ್ಲ. ಅವರು ಕಾಗದ ತೆಗೆದುಕೊಂಡು ಒಂದು ಬಾವಿಯ ಲೆಕ್ಕವನ್ನು ಕೈಯಿಂದ ಮಾಡಿದರು. ಮತ್ತೊಮ್ಮೆ ಮಾಡಿದರು. ಪೆನ್ನು ಕೈಯಲ್ಲೇ ಇತ್ತು, ಕೈ ಮಾತ್ರ ಅವರದಲ್ಲವೆಂಬಂತೆ ಮೇಜಿನ ಮೇಲೆ ಬಿದ್ದಿತ್ತು.

"ಮೋಟ್ರು ಕೆಟ್ಟಿದ್ದ ತಿಂಗಳು ನೀರು ಸಿಗ್ಲಿಲ್ಲ, ನಾವು ಅಳೀಲಿಲ್ಲ," ಎಂದರು. "ಅಳೀದಿದ್ದ ತಿಂಗಳನ್ನೆಲ್ಲ ನನ್ನ ಫೈಲು ಸೊನ್ನೆ ಅಂತ ಹಿಡಿದೈತೆ."

ಸೊನ್ನೆಗಳು ಸೇರಿ ಸರಾಸರಿ ಇಳಿದಿತ್ತು. ಆ ಶಾಲೆಯ ನೀರು ಕುಡಿಯುವ ಮಿತಿಯನ್ನು ಮೀರಿತ್ತು, ಮತ್ತು ಮಕ್ಕಳು ಅದನ್ನು ಒಂದು ವರ್ಷದಿಂದ ಕುಡಿಯುತ್ತಿದ್ದರು.

ಮೊದಲು ಗುಟ್ಟಾಗಿ ಮತ್ತೊಂದು ಪರೀಕ್ಷೆ ಮಾಡಿಸೋಣ, ಆಮೇಲೆ ಕಚೇರಿಗೆ ತಿಳಿಸೋಣ ಎಂದು ಸುಚಿತ್ರಾ ಮೆಲ್ಲಗೆ ಸೂಚಿಸಿದರು. ನನಗೂ ಅದೇ ವಿವೇಕವೆನಿಸಿತು. ಮೇಡಂ ಎದ್ದು ಬಸ್‌ ಸ್ಟ್ಯಾಂಡಿನ ಕಡೆ ಹೊರಟರು. ಕೋಟು ತೆಗೆಯುವುದನ್ನೂ ಮರೆತಿದ್ದರು. ನಾನು ಹಿಂದೆಯೇ ಹೋದೆ.

ನಾವು ತಲುಪಿದಾಗ ಶಾಲೆಯಲ್ಲಿ ಊಟ ಮುಗಿದು, ಮಕ್ಕಳು ಅದೇ ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಶೀಶೆಗಳ ಸದ್ದು ಕೇಳಿ ಒಬ್ಬ ಹುಡುಗಿ ತಿರುಗಿ ನಕ್ಕಳು. ಮೇಡಂ ದೃಷ್ಟಿ ಅವಳ ಹಲ್ಲುಗಳ ಮೇಲೆ ನೆಟ್ಟುಹೋಯಿತು. ಬೆಳ್ಳಗೇ ಇದ್ದವು; ಆದರೆ ಕಲೆ ಕಾಣಿಸಿಕೊಳ್ಳಲು ಕಾಲ ಹಿಡಿಯುತ್ತದೆಂದು ನನಗೆ ಹೇಳಿಕೊಟ್ಟವರು ಅವರೇ. ಅವರು ಹೋಗಿ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು. ಹೆಡ್‌ಮಾಸ್ಟರ್ ಏಕಾಂತಪ್ಪನವರೂ ಅಡುಗೆಯವರೂ ಸುತ್ತ ನೆರೆದಾಗ, ತಪ್ಪು ಕಂಪ್ಯೂಟರಿನದೆಂದಾಗಲೀ ಕೆಟ್ಟ ಮೋಟಾರಿನದೆಂದಾಗಲೀ ಹೇಳದೆ, ಲೆಕ್ಕ ನನ್ನದು, ಅದು ತಪ್ಪಿದೆ, ಈ ನೀರು ಕುಡಿಯಬಾರದು ಎಂದು ಹೇಳಿದರು. ಏಕಾಂತಪ್ಪನವರು ಸಿಟ್ಟಿನಿಂದ, ಮೇಲಿನವರಿಗೆ ತಾವೇನು ಉತ್ತರ ಕೊಡಬೇಕೆಂದು ಕೇಳಿದರು. ಹನುಮಮ್ಮ ಸಿಟ್ಟಾಗಲಿಲ್ಲ. ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು ಹತ್ತಿರ ಬಂದಳು.

"ಹೋದ್ ವರ್ಸ ಕುಡೀರಿ ಅಂದಾಗ್ಲೂ ಹಿಂಗೇ ನಿಂತ್ಕಂಡು ಹೇಳಿದ್ರಿ. ಈಗ ಕುಡೀಬ್ಯಾಡ್ರಿ ಅಂತೀರಿ. ಯಾವ್ದು ನಂಬಾಣ ನಾವು?"

"ನನ್ನ ನಂಬಬ್ಯಾಡ್ರಿ, ಹನುಮಮ್ಮ," ಎಂದರು ಮೇಡಂ. "ನಲ್ಲಿ ಮುಚ್ರಿ. ಬೇರೆಯೋರ ಕೈಲಿ ನೀರು ಟೆಸ್ಟ್ ಮಾಡ್ಸಿ, ಅವರು ಹೇಳಿದ್ದನ್ನ ನಂಬ್ರಿ."

ಹನುಮಮ್ಮ ಅವರ ಕೈ ಹಿಡಿಯಲಿಲ್ಲ. ಮೂಲೆಯಲ್ಲಿ ಕವುಚಿಟ್ಟಿದ್ದ ಖಾಲಿ ಕೊಡವನ್ನು ಎತ್ತಿಕೊಂಡು, ಶುದ್ಧ ನೀರಿನ ಘಟಕದ ದಾರಿ ಹಿಡಿದಳು.

ಬೇರೊಂದು ಪ್ರಯೋಗಾಲಯದ ಪರೀಕ್ಷೆಯೂ ಅದನ್ನೇ ಹೇಳಿತು. ಅದೇ ಸೊನ್ನೆಗೆ ಸಿಕ್ಕಿದ್ದ ಹೊಸದುರ್ಗದ ಕಡೆಯ ಇನ್ನೊಂದು ಊರಿಗೂ ಮೇಡಂ ಹೋಗಿ, ಅಲ್ಲಿಯೂ ಬೈಸಿಕೊಂಡು ಬಂದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತು ಹುಟ್ಟಿ, ತಾನಾಗಿ ತಣ್ಣಗಾಯಿತು. ಈಗ ಅವರ ಪ್ರತಿ ಲೆಕ್ಕವನ್ನೂ ಮೊದಲು ಸುಚಿತ್ರಾ ನೋಡುತ್ತಾರೆ. ಆ ಮಕ್ಕಳ ಹಲ್ಲುಗಳನ್ನು ನೋಡಲು ಮೇಡಂ ಆಗಾಗ ಹೋಗುತ್ತಾರೆ. ಏನು ಕಂಡಿರೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಎಲ್ಲವನ್ನೂ ತಮ್ಮ ಕೈಯಿಂದಲೇ ಮಾಡಿಕೊಳ್ಳುವ ಈ ಬಗೆಯ ಜನರನ್ನು ನಾವು ಅಹಂಕಾರಿಗಳೆಂದು ಬೇಗ ತೀರ್ಮಾನಿಸಿಬಿಡುತ್ತೇವೆ. ಅಹಂಕಾರ ಇಲ್ಲವೆನ್ನಲಾರೆ. ಆದರೆ ಹತ್ತು ಕೈ ಸೇರಿ ಮಾಡಿದ ತಪ್ಪು ಹತ್ತು ಕಡೆ ಹಂಚಿಹೋಗಿ, ಕೊನೆಗೆ ಯಾರದೂ ಆಗದೆ ಉಳಿಯುವ ಕಾಲವಿದು. ಇಂಥವರ ತಪ್ಪನ್ನು ಮಾತ್ರ ಹಂಚಿಕೊಳ್ಳಲು ಯಾರೂ ಇರುವುದಿಲ್ಲ, ಅದು ಇಡಿಯಾಗಿ ಅವರ ಮೇಲೆಯೇ ಬೀಳುತ್ತದೆ, ಮತ್ತು ಅವರು ಅದರ ಕೆಳಗೆ ನಿಂತೇ ಇರುತ್ತಾರೆ.