ಹಿಮ್ಮಡಿಗೆ ಉಜ್ಜಿದ ಪಾಯಿಂಟು

ನಿಮ್ಮಾಣೆ ಮೇಷ್ಟ್ರೇ, ಒಂದಕ್ಷರ ಸುಳ್ಳಿಲ್ಲ. ನನ್ನ ಬಾಮೈದ ಬಾವಿ ತಳದಲ್ಲಿ ಕಲ್ಲಿಗೆ ಕಾಲು ಸಿಕ್ಕಿಸಿಕೊಂಡು ನಿಂತಿದ್ದ. ನೀರು ಎದೆಮಟ್ಟ ಏರಿತ್ತು. ಪಂಪಿನ ಹಳೇ ಇಂಜಿನ್ ಸ್ಟಾರ್ಟೇ ಆಗ್ತಿಲ್ಲ. ಬಿಚ್ಚಿ ನೋಡಿದ್ರೆ, ಕಿಡಿ ಹಾರಿಸೋ ಪಾಯಿಂಟು ಸುಟ್ಟು ಕರ್ರಗಾಗಿದೆ. ಉಜ್ಜೋಕೆ ಎಮರಿ ಪೇಪರ್ ಇಲ್ಲ.

“ಭಾವ, ನೀರು ಬಾಯಿಗೆ ಬಂತು!” ಅಂತ ಕೂಗಿದ.

“ಹಾಗಾದ್ರೆ ಬಾಯಿ ಮುಚ್ಕೋ!” ಅಂದೆ.

ಪಕ್ಕದಲ್ಲಿ ಹೆಂಡತಿ ತಮ್ಮನಿಗಾಗಿ ಗೋಳೋ ಅಂತಿದ್ಳು. ಅವಳ ಒಡೆದ ಹಿಮ್ಮಡಿಗೇ ಪಾಯಿಂಟು ಉಜ್ಜಿದೆ, ಫಳಫಳ ಅಂತು. ಎರಡು ಪಾಯಿಂಟಿನ ನಡುವೆ ಉಗುರಿನ ದಪ್ಪದಷ್ಟು ಸಂದು ಬೇಕು. ನನ್ನುಗುರೆಲ್ಲ ಹೆದರಿಕೆಗೆ ಕಚ್ಚಿ ಮುಗಿಸಿದ್ದೆ. ಅವಳ ಉಗುರೇ ಇಟ್ಟು ಸ್ಕ್ರೂ ಬಿಗಿದೆ. ಹಗ್ಗ ಎಳೆದೆ, ಇಂಜಿನ್ ಹತ್ಕೊಳ್ತು! ನೀರೆಲ್ಲ ಖಾಲಿಯಾದ್ಮೇಲೆ ಪೈಪಿಂದ ಬಾಮೈದನ ಬೆಲ್ಟು ಬಂತು, ಅದರ ಹಿಂದೇನೇ ಅವನ… ಮೇಷ್ಟ್ರೇ? ರೀ ಮೇಷ್ಟ್ರೇ, ಎಲ್ಲಿಗೆ ಹೊರಟ್ರಿ?