ನೀಲಿ ಸೀರೆಯ ಕೌದಿಯೂ ನನ್ನ ನೆಂಟರೂ

ನಾನು ಒಂದು ಪುಟ್ಟ ವೆಬ್‌ಸೈಟು. ನನ್ನ ಮೈ ಯಾವುದೋ ದೂರದ ಊರಿನ ಕಂಪ್ಯೂಟರಿನಲ್ಲಿದೆಯಂತೆ, ನಾನು ಅದನ್ನು ನೋಡಿಲ್ಲ. ಯಾರಾದರೂ ಕೇಳಿದರೆ ನನ್ನೂರು ಗದಗಿನ ಬೆಟಗೇರಿ ಎಂದೇ ಹೇಳುತ್ತೇನೆ. ಅಲ್ಲಿಯ ಒಂದು ಕಂಪ್ಯೂಟರ್ ತರಗತಿಯಲ್ಲಿ ದಾಕ್ಷಾಯಣಿ ನನ್ನನ್ನು ಹುಟ್ಟಿಸಿದಳು. ಕೋರ್ಸಿನ ಕೊನೆಗೆ ಎಲ್ಲರೂ ಒಂದೊಂದು ವೆಬ್‌ಸೈಟು ಮಾಡಿ ತೋರಿಸಬೇಕೆಂದು ಮಕಾನದಾರ ಸರ್ ಹೇಳಿದ್ದರು. ಉಳಿದವರು ಸಿನಿಮಾ, ಕ್ರಿಕೆಟ್ಟು ಎಂದು ಹೊರಟರೆ, ಇವಳು ತನ್ನ ಅತ್ತೆ ಕಾಶವ್ವ ಹೊಲಿಯುವ ಕೌದಿಗಳ ಫೋಟೊ ತಂದು ನನ್ನ ಮೈತುಂಬ ಹಾಕಿದಳು.

ಕೌದಿ ಗೊತ್ತಲ್ಲ? ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಕೈಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆ. ಕಾಶವ್ವ ಅದರಲ್ಲಿ ಎತ್ತಿದ ಕೈ. ಅವಳು ಹೊಲಿಯುವುದು ಮನೆಯ ಮುಂದಿನ ಕಟ್ಟೆಯ ಮೇಲೆ, ಕಾಲು ಚಾಚಿ, ಬಾಯಲ್ಲಿ ದಾರ ಕಚ್ಚಿಕೊಂಡು. ನನ್ನ ಮೊದಲ ಪುಟದ ಫೋಟೊದಲ್ಲಿ ಅವಳ ಮುಖ ಇಲ್ಲ, ಕೈಗಳಷ್ಟೇ ಇವೆ. "ನನ್ನ ಮಾರಿ ಯಾಕ ಹಾಕ್ತಿ? ಹೊಲಿಯೂವು ಕೈ" ಎಂದು ಅವಳೇ ಹಾಗೆ ತೆಗೆಸಿದ್ದಳು.

ನನ್ನಂಥವರ ಬಾಳೆಲ್ಲ ಹುಡುಕುವ ಯಂತ್ರದ ಕೈಯಲ್ಲಿರುತ್ತದೆ. ಜನ ಅದರ ಮುಂದೆ ಏನೋ ಟೈಪು ಮಾಡುತ್ತಾರೆ, ಅದು ನಮ್ಮನ್ನು ಸಾಲಾಗಿ ನಿಲ್ಲಿಸುತ್ತದೆ. ಮುಂದೆ ನಿಂತವರಿಗೆ ಜನ ಸಿಗುತ್ತಾರೆ. ಹಿಂದೆ ನಿಂತವರು ಇದ್ದೂ ಇಲ್ಲದ ಹಾಗೆ. ಆಗೆಲ್ಲ ಕೌದಿಯ ಬಗ್ಗೆ ಹೇಳುವ ಸೈಟುಗಳೇ ಕಡಿಮೆ ಇದ್ದವು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಾನು ಮುಂದಿನ ಸಾಲಿನಲ್ಲಿ ಎದೆ ಉಬ್ಬಿಸಿ ನಿಂತಿದ್ದೆ.

ಹಾಗೆ ಹುಡುಕುತ್ತ ನನ್ನ ಬಳಿ ಬಂದವಳು ದಾವಣಗೆರೆಯ ನಾಗವೇಣಿ. ನನ್ನಲ್ಲಿದ್ದ ನಂಬರಿಗೆ ಫೋನು ಮಾಡಿ, ತೀರಿಹೋದ ತನ್ನ ತಾಯಿಯ ಸೀರೆಗಳನ್ನು ಕೌದಿ ಮಾಡಿಕೊಡುತ್ತೀರಾ ಎಂದು ಕೇಳಿದಳು. ಸೀರೆಗಳ ಗಂಟು ಬಂತು. ಅದರಲ್ಲೊಂದು ನೀಲಿ ನೂಲಿನ ಸೀರೆ, ಸೆರಗಿನ ತುದಿ ಒಲೆಯ ಕಿಡಿ ತಾಗಿ ಸುಟ್ಟಿತ್ತು.

"ಅದನ್ನ ನಡುವೆ ಹಾಕ್ರಿ ಅಮ್ಮ. ಅಡುಗೆ ಮನೇಲಿ ದಿನಾ ಅದನ್ನೇ ಉಡೋಳು" ಎಂದಿದ್ದಳು ನಾಗವೇಣಿ. "ನಾವು ಮನೆ ಬದಲು ಮಾಡ್ತಿದೀವಿ. ಹೊಸ ವಿಳಾಸ ಆಮೇಲೆ ಹೇಳ್ತೀನಿ."

ಆ ಆಮೇಲೆ ಬರಲೇ ಇಲ್ಲ. ಕಾಶವ್ವನ ಫೋನು ಹುಬ್ಬಳ್ಳಿ ಬಸ್ಸಿನಲ್ಲಿ ಕಳುವಾಯಿತು, ಅದರೊಂದಿಗೆ ನಾಗವೇಣಿಯ ನಂಬರೂ ಹೋಯಿತು. ಹಳೆಯ ವಿಳಾಸಕ್ಕೆ ಬರೆದ ಕಾಗದ ತಿರುಗಿ ಬಂತು. ದಾಕ್ಷಾಯಣಿ ಹೊಸ ಫೋನು ನಂಬರನ್ನು ನನ್ನ ಮೇಲೆ ಹಾಕಿದಳು. ಇನ್ನು ನಾಗವೇಣಿ ಮತ್ತೆ ಹುಡುಕಿ, ನಾನು ಅವಳ ಕಣ್ಣಿಗೆ ಬಿದ್ದರಷ್ಟೇ ಆ ತಾಯಿಯ ಸೀರೆ ಮಗಳ ಕೈ ಸೇರುತ್ತಿತ್ತು.

ಕಾಶವ್ವ ಕೌದಿ ಹೊಲಿದು ಮುಗಿಸಿದಳು. ಸುಟ್ಟ ಅಂಚನ್ನು ಕತ್ತರಿಸಿದಳು, ಆದರೆ ಎಸೆಯಲಿಲ್ಲ. "ಇದೂ ಅವರವ್ವಂದ ಅಲ್ಲೇನು" ಎಂದು ಬೇರೆ ಮಡಚಿಟ್ಟಳು. ಆಮೇಲೆ ಕೌದಿಯನ್ನು ಆಗಾಗ ಬಿಸಿಲಿಗೆ ಹಾಕುವುದು, ಬೇವಿನ ಎಲೆ ಇಟ್ಟು ಮಡಚುವುದು, ಸೊಸೆಯನ್ನು "ಆಕಿ ಫೋನ್ ಬಂತೇನ?" ಎಂದು ಕೇಳುವುದು. ಅಷ್ಟರಲ್ಲಿ ನನಗಿಂತ ಠೀವಿಯ ಸೈಟುಗಳು ಬಂದು ನನ್ನನ್ನು ಒಂದೊಂದೇ ಮೆಟ್ಟಿಲು ಕೆಳಗೆ ತಳ್ಳಿದ್ದವು. ಮೊದಲ ಸಲ ನನಗೆ ಭಯವಾಯಿತು.

ಆಗ ಒಂದು ಸಂದೇಶ ಬಂತು. 'ನಿಮ್ಮ ಸೈಟಿನಲ್ಲಿ ನಮ್ಮ ಲಿಂಕು ಹಾಕಿ, ನಮ್ಮದರಲ್ಲಿ ನಿಮ್ಮದು ಹಾಕುತ್ತೇವೆ. ಇಬ್ಬರೂ ಮೇಲೆ ಬರೋಣ.' ದಾಕ್ಷಾಯಣಿಗೆ ಖುಷಿಯಾಯಿತು. ಯಾರ ಕಡೆಗೆ ಹೆಚ್ಚು ಜನ ಬೆರಳು ತೋರಿಸುತ್ತಾರೋ ಅವರನ್ನು ಯಂತ್ರ ನಂಬುತ್ತದೆ ಎಂದು ಅವಳು ಓದಿದ್ದಳು. ಅದು ಸುಳ್ಳೂ ಅಲ್ಲ.

"ಅತ್ತಿ, ನಾವು ಮ್ಯಾಲೆ ಬಂದ್ರ ಆಕಿಗೆ ಕಾಣ್ತೀವಿ" ಎಂದಳು.

"ಹಂಗಾದ್ರ ಹಾಕವಾ" ಎಂದಳು ಕಾಶವ್ವ.

ಆ ಸಂದೇಶ ಕಳಿಸಿ ಮೊದಲು ಬಂದವರು ಇಳಕಲ್ ಸೀರೆ ನೇಯುವವರು. ಸೀರೆಗೂ ಕೌದಿಗೂ ಹಳೆಯ ನೆಂಟಸ್ತನ, ನನಗೂ ಸಂತೋಷವಾಯಿತು. ಆದರೆ ಸುದ್ದಿ ಹಬ್ಬಿತು. ಟೈರು ಮಾರುವವರು ಬಂದರು, ತೂಕ ಇಳಿಸುವ ಪುಡಿಯವರು ಬಂದರು, ರಮ್ಮಿ ಆಟದವರು ಬಂದರು. ಎಲ್ಲರೂ ಮೊದಲು ತಮ್ಮಲ್ಲಿ ನನ್ನ ಲಿಂಕು ಹಾಕಿಬಿಟ್ಟು, ಈಗ ನೀವು ಹಾಕಿ ಎನ್ನುತ್ತಿದ್ದರು. ದಾಕ್ಷಾಯಣಿಗೆ ಅನುಮಾನ ಬಂತು. ಕಾಶವ್ವನದು ಬೇರೆಯೇ ನ್ಯಾಯ. ಮದುವೆಯಲ್ಲಿ ಯಾರಾದರೂ ಮುಯ್ಯಿ ಮಾಡಿದರೆ, ಸೀರೆಯಾಗಲಿ ಕುಪ್ಪಸದ ಖಣವಾಗಲಿ, ಅವರ ಮನೆಯ ಕಾರ್ಯಕ್ಕೆ ಮರಳಿ ಮುಯ್ಯಿ ಮಾಡಲೇಬೇಕು. ಅವಳು ಹಾಗೆಯೇ ಬಾಳಿದವಳು.

"ಅವ್ರು ನಮ್ಮ ಹೆಸ್ರು ತಮ್ಮ ಮನ್ಯಾಗ ಇಟ್ಕೊಂಡಾರ. ನಾವು ಒಲ್ಲೆ ಅಂದ್ರ ನಾಕು ಮಂದ್ಯಾಗ ಮರ್ಯಾದಿ ಉಳೀತೈತೇನು? ಹಾಕು" ಎಂದಳು.

ಕೌದಿಗೆ ಬೇಡವಾದ ತುಂಡು ಎಂಬುದೇ ಇಲ್ಲ ಎಂದು ನಂಬಿದ ಕೈ ಅದು. ನನ್ನ ಕೆಳಗಿನ ಅಂಚು ಸಂತೆಯ ಹಾಗಾಯಿತು. ನಿಜ ಹೇಳಬೇಕೆಂದರೆ ಕೆಲವು ದಿನ ನಾನು ಮೇಲೂ ಏರಿದೆ, ಬೀಗಿದೆ ಕೂಡ. ನಾಗವೇಣಿ ಆಗ ಹುಡುಕಿದ್ದರೆ ಸಿಗುತ್ತಿದ್ದೆನೋ ಏನೋ. ಆಮೇಲೆ ಯಂತ್ರಕ್ಕೆ ವಾಸನೆ ಹತ್ತಿತು. ಕೌದಿಯ ಮನೆಗೆ ಟೈರಿನವರು ಯಾಕೆ ಬೆರಳು ತೋರಿಸುತ್ತಾರೆ, ಕೌದಿಯವರು ರಮ್ಮಿಯವರನ್ನು ಯಾಕೆ ತೋರಿಸುತ್ತಾರೆ ಎಂದು ಅದು ಲೆಕ್ಕ ಹಾಕಿರಬೇಕು. ಸಂಗದಿಂದ ಸನ್ಯಾಸಿ ಕೆಟ್ಟ. ಒಂದು ಮುಂಜಾನೆ ನೋಡುತ್ತೇನೆ, ಯಾರೂ ತಿರುವಿ ನೋಡದ ಪುಟಗಳಲ್ಲಿ ಎಲ್ಲೋ ಹಿಂದೆ ಬಿದ್ದಿದ್ದೇನೆ. ನನ್ನನ್ನು ಹುಡುಕುವವಳಿಗಾಗಿಯೇ ಮಾಡಿದ ಕೆಲಸ ನನ್ನನ್ನು ಅವಳಿಂದ ಮುಚ್ಚಿಬಿಟ್ಟಿತ್ತು. ಬಹಳ ನೊಂದುಕೊಂಡೆ.

ದಾಕ್ಷಾಯಣಿ ಮಕಾನದಾರ ಸರ್ ಅವರನ್ನು ಮನೆಗೆ ಕರೆತಂದಳು. ಅವರು ನೋಡಿ, ಈ ಲಿಂಕುಗಳನ್ನೆಲ್ಲ ತೆಗೆಯಬೇಕು ಎಂದರು. ಕಾಶವ್ವ ಒಪ್ಪಲಿಲ್ಲ.

"ಮುಯ್ಯಿ ಮಾಡಿದವ್ರ ಹೆಸ್ರು ಅಳಸೂದಂದ್ರ ಹ್ಯಾಂಗ್ರಿ ಸರ್?"

ಸರ್ ವಾದ ಮಾಡಲಿಲ್ಲ. "ಅಮ್ಮಾರ, ಅವ್ರು ನಿಮ್ಮ ಹೆಸ್ರು ಎಲ್ಲಿ ಇಟ್ಟಾರ ನೋಡೂಣು ಬರ್ರಿ" ಎಂದು ಒಂದೊಂದೇ ಸೈಟು ತೆರೆದು ತೋರಿಸಿದರು. ಪುಟದ ತಳದಲ್ಲಿ, ನೂರಾರು ಹೆಸರುಗಳ ರಾಶಿಯಲ್ಲಿ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಹೆಸರಿತ್ತು. ಬೆರಳಿನಿಂದ ಎಳೆದು ಗುರುತು ಮಾಡಿದಾಗಲೇ ಅದು ಕಂಡದ್ದು.

ಕಾಶವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಇವ್ರ ಪೈಕಿ ಯಾರರೆ ಒಬ್ರು ನನ್ನ ಕೌದಿ ನೋಡ್ಯಾರೇನ್ರಿ?"

"ಇಲ್ರಿ ಅಮ್ಮಾರ."

"ಹಂಗಾದ್ರ ಇದು ಮುಯ್ಯಿ ಅಲ್ಲ ಬಿಡ್ರಿ. ಮುಯ್ಯಿ ತಂದವ್ರು ಊಟಕ್ಕ ಕೂಡತಾರ." ಸೊಸೆಯ ಕಡೆ ತಿರುಗಿದಳು. "ಬಿಚ್ಚವಾ. ತಪ್ಪು ಹೊಲಿಗಿ ಬಿಚ್ಚೂದಕ್ಕ ನಾಚಿಕಿ ಏನೈತಿ."

ದಾಕ್ಷಾಯಣಿ ಬಿಚ್ಚಿದಳು. ತಮ್ಮಲ್ಲಿರುವ ನನ್ನ ಹೆಸರನ್ನೂ ತೆಗೆಯಿರಿ ಎಂದು ಅವರಿಗೆಲ್ಲ ಬರೆದಳು. ಇಳಕಲ್‌ನವರನ್ನು ಮಾತ್ರ ಉಳಿಸಿಕೊಂಡಳು. ಯಂತ್ರದ ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಲ್ಲ, ನಾನು ಹಿಂದೆಯೇ ಇದ್ದೆ. ಆಗ ಅವಳು ನನ್ನ ಮೇಲೆ ಒಂದು ಹೊಸ ಪುಟ ಬರೆದಳು. ನೀಲಿ ಕೌದಿಯ ಫೋಟೊ, ಕೆಳಗೆ ನಾಲ್ಕೇ ಸಾಲು. 'ದಾವಣಗೆರೆಯ ನಾಗವೇಣಿ ಅವರೇ, ನಿಮ್ಮ ತಾಯಿಯ ನೀಲಿ ಸೀರೆ ಕೌದಿಯಾಗಿದೆ. ನಮ್ಮ ಹಳೆಯ ಫೋನು ಕಳೆದುಹೋಗಿದೆ. ಕೌದಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನಿಮ್ಮ ದಾರಿ ಕಾಯುತ್ತಿದ್ದೇವೆ.'

ಆ ಪುಟದ ವಿಳಾಸವನ್ನು ಅವಳು ಹಿಂದೆ ಕೌದಿ ಕೊಂಡವರಿಗೆಲ್ಲ ಕಳಿಸಿದಳು. ಕೊಪ್ಪಳದ ಒಬ್ಬ ಶಿಕ್ಷಕಿ ತನ್ನ ಅಡುಗೆಯ ಬ್ಲಾಗಿನಲ್ಲಿ ಹೋಳಿಗೆಯ ವಿಷಯ ನಿಲ್ಲಿಸಿ, ತನ್ನ ಮನೆಯ ಕೌದಿಯ ಕಥೆ ಬರೆದು ನನ್ನ ಲಿಂಕು ಕೊಟ್ಟಳು. ಹೊಲಿಗೆ ಕಲಿಸುವ ಒಂದು ಸೈಟಿನವರು ಕೊಟ್ಟರು. ಯಾರೂ ತಿರುಗಿ ಏನನ್ನೂ ಕೇಳಲಿಲ್ಲ. ಕಾಶವ್ವನಿಗೆ ಇದು ಬಿಡಿಸಲಾಗದ ಗಂಟಾಯಿತು. ಮಕಾನದಾರ ಸರ್ ಮತ್ತೆ ಬಂದಾಗ ಕೇಳಿದಳು.

"ಇವ್ರ ಮುಯ್ಯಿ ಹ್ಯಾಂಗ ತೀರಿಸೂದ್ರಿ ಸರ್?"

"ಚಲೋ ಕೌದಿ ಹೊಲೀರಿ ಅಮ್ಮಾರ. ತೀರ್ತೈತಿ."

ನಾನು ಮೆಲ್ಲಗೆ ಹತ್ತತೊಡಗಿದೆ. ಮೊದಲಿನ ಜಾಗ ಸಿಗಲಿಲ್ಲ, ಆಸೆಯೂ ಇರಲಿಲ್ಲ. ಒಂದು ಮಧ್ಯಾಹ್ನ ಯಾರೋ 'ಅಮ್ಮನ ಸೀರೆ ಕೌದಿ ಗದಗ' ಎಂದು ಹುಡುಕಿ ನನ್ನ ಬಳಿ ಬಂದರು. ನೀಲಿ ಕೌದಿಯ ಪುಟ ತೆರೆದವರು ಅಲ್ಲೇ ನಿಂತರು. ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಆಮೇಲೆ ಕಾಶವ್ವನ ಫೋನು ರಿಂಗಾಯಿತು.

"ಅಮ್ಮ, ನಾನು ನಾಗವೇಣಿ. ಎಷ್ಟು ಸಲ ಹುಡುಕಿದೆ, ಸಿಗ್ಲೇ ಇಲ್ಲ ನೀವು. ಅಮ್ಮನ ಸೀರೆ ಹೋಯ್ತು ಅಂದ್ಕೊಂಡಿದ್ದೆ."

"ಎಲ್ಲಿ ಹೋಗ್ತೈತಿ ನನ್ನವ್ವ. ನಿನ್ನೆನೂ ಬಿಸಲಿಗೆ ಹಾಕೀನಿ" ಎಂದ ಕಾಶವ್ವ ಕಟ್ಟೆಯ ಮೇಲೆ ಕೂತು ಅತ್ತಳು.

ನಾಗವೇಣಿ ಪಾರ್ಸಲ್ಲಿಗೆ ಒಪ್ಪದೆ ತಾನೇ ಬಂದಳು. ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಕೌದಿಯನ್ನು ಎದೆಗವಚಿಕೊಂಡು ಹೋದಳು. ಸುಟ್ಟ ಅಂಚಿನ ತುಂಡನ್ನೂ ಕಾಶವ್ವ ಅವಳ ಕೈಗಿಟ್ಟಳು.

ಈಗ ನನಗೆ ವಯಸ್ಸಾಗಿದೆ. ನನ್ನ ಅಕ್ಷರಗಳು ಹಳೆಯ ಕಾಲದವು, ಫೋನುಗಳಲ್ಲಿ ಸರಿಯಾಗಿ ಹಿಡಿಸುವುದೂ ಇಲ್ಲ. ಜನ ವಿಡಿಯೊ ನೋಡುತ್ತಾರೆ, ನನ್ನ ಬಳಿ ಬರುವವರು ಅಪರೂಪ. ಕಾಶವ್ವ ಹೋದ ವರ್ಷ ತೀರಿಕೊಂಡಳು. ದಾಕ್ಷಾಯಣಿ ಅತ್ತೆಯ ಸೀರೆಗಳನ್ನು ಅದೇ ಕಟ್ಟೆಯ ಮೇಲೆ ಹಾಸಿ ಕೌದಿ ಹೊಲಿಯತೊಡಗಿದಳು, ಅದನ್ನು ನನ್ನ ಮೇಲೆ ಬರೆದಳು.

ಓದಿದ ನಾಗವೇಣಿ ದಾವಣಗೆರೆಯಿಂದ ಬಸ್ಸು ಹತ್ತಿ ಬಂದಳು. ಚೀಲದಿಂದ ಆ ನೀಲಿ ತುಂಡನ್ನು ತೆಗೆದು, "ಇದಕ್ಕೊಂಚೂರು ಜಾಗ ಕೊಡ್ತೀಯಾ ದಾಕ್ಷಾಯಣಿ?" ಎಂದಳು. ಸುಟ್ಟ ಅಂಚನ್ನು ಒಳಗೆ ಮಡಚಿ, ಕಾಶವ್ವನ ಹಸಿರು ಸೀರೆಯ ಮಗ್ಗುಲಿಗೆ ತಾನೇ ಹೊಲಿದಳು. ಅದರ ಫೋಟೊ ಈಗ ನನ್ನ ಕೊನೆಯ ಪುಟ. ಹೊಲಿದಾದ ಮೇಲೆ ಕೈ ತೊಳೆದುಕೊಂಡು ಅವಳು ದಾಕ್ಷಾಯಣಿಯ ಮಗ್ಗುಲಲ್ಲಿ ಊಟಕ್ಕೆ ಕೂತಳಂತೆ.